ಫಿನ್‌ಲೆಂಡಿಗೆ ಹೋದ ಈರವ್ವ ಕಾಕಿಯ ಖಾರ

ಗಜೇಂದ್ರಗಡ, ಹೊರಡುವ ಮುಂಚೆ

"ಅಲ್ಲಿ ರೊಟ್ಟಿ ಸಿಗತಾವನು?" ಇದು ಮೊದಲ ಪ್ರಶ್ನೆ. "ಅಷ್ಟು ದೂರದಾವ್ರು ನಿನ್ನ ಯಾಕ ಕರದಾರ?" ಇದು ಎರಡನೆಯದು. ನಾನು ಫಿನ್‌ಲೆಂಡಿಗೆ ಹೊರಟ ಸುದ್ದಿ ಪೇಟೆಯಲ್ಲಿ ಹಬ್ಬಿದ ಮೇಲೆ ಈ ಎರಡಕ್ಕೆ ಉತ್ತರ ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಮೊದಲನೆಯದು ಸುಲಭ: ಸಿಗುವುದಿಲ್ಲ, ಕಟ್ಟಿಕೊಂಡು ಹೋಗುತ್ತೇನೆ. ಎರಡನೆಯದನ್ನು ಕುಳಿತು ಹೇಳಬೇಕು.

ನಾನು ದಾವಲಸಾಬ ರಾಜೂರ. ಹುಟ್ಟಿದ ಊರು ರಾಜೂರ, ಅದೇ ಅಡ್ಡಹೆಸರು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಗಜೇಂದ್ರಗಡದ ಒಂದು ಛಾಪಖಾನೆಯಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ನಿಂತೆ. ಕನ್ನಡದ ಒಂದೊಂದು ಒತ್ತಕ್ಷರವನ್ನೂ ಬೆರಳಿನಿಂದ ಮುಟ್ಟಿ ಕಲಿತವನು. ಮುಂದೆ ನನ್ನದೇ ಅಂಗಡಿ ಆಯಿತು. ಕಂಪ್ಯೂಟರು ಬಂತು. ಸೀಸದ ಮೊಳೆ ಗುಜರಿಗೆ ಹೋಯಿತು, ನಾನು ಹೋಗಲಿಲ್ಲ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಕಿರಾಣಿ ಚೀಟಿ, ಎಲ್ಲವನ್ನೂ ಕಂಪ್ಯೂಟರಿನಲ್ಲೇ ಮಾಡಿದೆ.

ನಮ್ಮ ಕಡೆ ಎಲ್ಲರ ಕಂಪ್ಯೂಟರಿನಲ್ಲಿ ಇದ್ದದ್ದು ಕದ್ದ ಮಾಲು, ಅಂದರೆ ಯಂತ್ರವನ್ನು ನಡೆಸುವ, ಒಂದು ದೊಡ್ಡ ಕಂಪನಿಯ ಕಾರ್ಯಾಚರಣೆ ವ್ಯವಸ್ಥೆಯ ನಕಲಿ ಪ್ರತಿ. ಹೀಗಿರುವಾಗ ಒಂದು ಮಾಸಪತ್ರಿಕೆಯ ಜೊತೆ ಬೇರೊಂದು ವ್ಯವಸ್ಥೆಯ ಡಿಸ್ಕು ಬಂತು. ಅದಕ್ಕೆ ಕಂಪನಿಯೇ ಇಲ್ಲ. ಲೋಕದ ಸಾವಿರಾರು ಜನ ಸೇರಿ ಕಟ್ಟಿದ್ದು. ಯಾರು ಬೇಕಾದರೂ ನಕಲು ಮಾಡಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು. ಹಾಕಿ ನೋಡಿದೆ. ಕನ್ನಡ ಬಂತು, ಆದರೆ ಒತ್ತಕ್ಷರಗಳೆಲ್ಲ ಸಂತೆಯಲ್ಲಿ ತಪ್ಪಿಸಿಕೊಂಡ ಮಕ್ಕಳಂತೆ ಒಂದೊಂದು ಒಂದೊಂದು ಕಡೆ ನಿಂತಿದ್ದವು. ನನಗೆ ತಡೆಯಲಾಗಲಿಲ್ಲ. ತಪ್ಪುಗಳ ಚಿತ್ರ ತೆಗೆದು, ಮುರುಕು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಅವರು ತಿದ್ದಿದರು. "ಇನ್ನೇನಾದರೂ ಇದೆಯೇ?" ಎಂದು ಕೇಳಿದರು. ಇದ್ದೇ ಇತ್ತು. ಹೀಗೆ ವರ್ಷಗಳು ಕಳೆದು, ಆ ವ್ಯವಸ್ಥೆಯ ಕನ್ನಡವನ್ನು ನೋಡಿಕೊಳ್ಳುವವನು ನಾನೇ ಆದೆ. ರೋಣ, ನರಗುಂದ, ಗಜೇಂದ್ರಗಡ, ಮೂರೂ ಊರುಗಳ ಅಂಗಡಿಗಳಲ್ಲಿ ನನ್ನ ಕೈಯಿಂದಲೇ ಅದನ್ನು ಹಾಕಿಸಿದೆ.

ಈಗ ತಾಪತ್ರಯ ಬಂದಿತ್ತು. ನಾವೆಲ್ಲ ಹುಬ್ಬಳ್ಳಿಯ ಕಚೇರಿಗಳು ಬಿಟ್ಟ ಹಳೆಯ ಯಂತ್ರ ಕೊಂಡವರು. ಅವುಗಳಲ್ಲಿ ತಂತಿಯಿಲ್ಲದೆ ನೆಟ್ ಹಿಡಿಯುವ ಒಂದು ಕಾರ್ಡು ಇದೆ. ಯಂತ್ರ ಶುರುವಾದಾಗಲೆಲ್ಲ ಆ ಕಾರ್ಡಿನ ಹೊಟ್ಟೆಗೆ ಅದರ ಕಂಪನಿ ಕೊಟ್ಟ, ತಂತ್ರಾಂಶದ ಒಂದು ಮುಚ್ಚಿದ ಪೊಟ್ಟಣ ಬೀಳಬೇಕು. ಪೊಟ್ಟಣ ಹಂಚಲು ಕಂಪನಿಯ ಅಪ್ಪಣೆಯಿದೆ, ಒಳಗೇನಿದೆ ಎಂದು ಮಾತ್ರ ಯಾರಿಗೂ ತೋರಿಸುವುದಿಲ್ಲ. "ಎಲ್ಲವೂ ತೆರೆದಿರಬೇಕು ಎಂದು ಹೇಳುವ ನಮ್ಮ ಡಿಸ್ಕಿನಲ್ಲಿ ಈ ಮುಚ್ಚಿದ ಮಾಲು ಯಾಕೆ? ಮುಂದಿನ ಸಲ ತೆಗೆದುಬಿಡೋಣ" ಎಂದು ಡಿಸ್ಕು ಕಟ್ಟುವ ಬಳಗದಲ್ಲಿ ಮಾತು ಎದ್ದಿತ್ತು. ತೆಗೆದರೆ ನಮ್ಮ ಮೂರೂ ಊರುಗಳಲ್ಲಿ ನೆಟ್ ಬಂದ್.

ನರಗುಂದದಲ್ಲಿ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುವ ಗೆಳೆಯ ಶರಣಪ್ಪ ನೆಟ್ಟಗೆ ಹೇಳಿದ: "ದಾವಲ್, ನಿನ್ನ ಮಾತ ಕೇಳಿ ಕದ್ದ ಮಾಲು ಬಿಟ್ಟೇನಿ. ಮುಂದಿನ ಡಿಸ್ಕಿನ್ಯಾಗ ನೆಟ್ ಬರಲಿಲ್ಲಂದ್ರ ಮತ್ತ ಅದಕ್ಕ ಹೋಗಾವ ನಾ. ಕೊಣ್ಣೂರ, ಪುರ್ತಗೇರಿಯವರೂ ನನ್ನ ಹಿಂದನ ಬರ್ತಾರ. ನಿನ್ನ ಕನ್ನಡ ಆಗ ಯಾರು ಓದಬೇಕು?"

ಅದಕ್ಕೇ ಬಳಗದವರು ವರ್ಷದ ಕೂಟಕ್ಕೆ ಕರೆದಾಗ ಒಂದೇ ಮಾತಿಗೆ ಒಪ್ಪಿದೆ. ಆ ಪೊಟ್ಟಣವನ್ನು ಡಿಸ್ಕಿನಲ್ಲಿ ಉಳಿಸಿಯೇ ಬರುತ್ತೇನೆ ಎಂದು ಪೇಟೆಯ ತುಂಬ ಹೇಳಿಯೂ ಬಿಟ್ಟೆ.

ಹೊರಡುವ ದಿನ ಹೆಂಡತಿ ಶಮಶಾದ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ಓಣಿಯ ಆಚೆಯಿಂದ ಈರವ್ವ ಕಾಕಿ ಮಸಾಲೆ ಖಾರದ ದೊಡ್ಡ ಪೊಟ್ಟಣ ತಂದಿಟ್ಟಳು. ನಮ್ಮ ಕಡೆ ಯಾವ ಮನೆಯ ಪಲ್ಯಕ್ಕೂ ಅವಳ ಖಾರವೇ ಬೀಳಬೇಕು. ಅದರಲ್ಲಿ ಏನೇನು ಹಾಕುತ್ತಾಳೆ ಎಂದು ಸ್ವಂತ ಸೊಸೆಗೂ ಹೇಳಿಲ್ಲ. ಕುಟ್ಟುವಾಗ ಬಾಗಿಲಿಗೆ ಅಗಳಿ.

"ಆ ಮಂದಿಗೆ ನನ್ನ ಖಾರ ತಿನಿಸು. ಆಮ್ಯಾಲ ನೀ ಏನ ಕೇಳಿದ್ರೂ ಹೂಂ ಅಂತಾರ" ಎಂದಳು.

ವಿಮಾನ ನಿಲ್ದಾಣದ ನಾಯಿ

ವಿಮಾನದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಿಟಕಿ ತೆರೆಯಲು ಬರುವುದಿಲ್ಲ, ಅಷ್ಟೇ ಕೊರತೆ.

ಹೆಲ್ಸಿಂಕಿಯಲ್ಲಿ ಇಳಿದು ಹೊರಗೆ ಹೊರಟಾಗ ಒಂದು ನಾಯಿ ನನ್ನ ಚೀಲದ ಮುಂದೆ ಕುಳಿತುಬಿಟ್ಟಿತು. ಅದರ ಅಧಿಕಾರಿ ಚೀಲ ಬಿಚ್ಚಿಸಿದ. ಕಾಕಿಯ ಪೊಟ್ಟಣ ಮೇಲೆಯೇ ಇತ್ತು. ನಾಯಿ ಮೂಗು ಹತ್ತಿರ ತಂದು ಒಂದರ ಮೇಲೊಂದು ಸೀನಿತು. ಅದರ ಹಿಂದೆ ಅಧಿಕಾರಿಯೂ ಸೀನಿದ.

"ಇದು ಏನು?"

"ಖಾರ. ಅಡಿಗೆಗೆ."

"ಇದರಲ್ಲಿ ಏನೇನಿದೆ?"

ನಾನು ಎದೆ ಉಬ್ಬಿಸಿ ಹೇಳಿದೆ: "ಅದು ನಮ್ಮ ಮೂರೂ ಊರಿನಲ್ಲಿ ಯಾರಿಗೂ ಗೊತ್ತಿಲ್ಲ."

ಆತ ಪುಡಿಯನ್ನು ಒಂದು ಯಂತ್ರಕ್ಕೆ ತೋರಿಸಿ, ನಗದೆ, ಕಣ್ಣೊರೆಸಿಕೊಳ್ಳುತ್ತ ಹೋಗಲು ಬಿಟ್ಟ. ಅಲ್ಲಿಯ ಜನರ ಇಂಗ್ಲಿಷನ್ನೂ ನನ್ನ ಇಂಗ್ಲಿಷನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಅವರಿಗೂ ಅದು ಪರಭಾಷೆ, ನನಗೂ ಪರಭಾಷೆ. ನನ್ನದಂತೂ ಕನ್ನಡದಲ್ಲಿಯೇ ಚೆನ್ನಾಗಿ ಕಾಣುತ್ತದೆ.

ಅಲ್ಲಿಂದ ಕೂಟದ ಊರಿಗೆ ಬಸ್ಸು. ನಿಲ್ದಾಣದಲ್ಲಿ ಜನ ಒಬ್ಬರಿಗೊಬ್ಬರು ಎಮ್ಮೆ ಕಟ್ಟುವಷ್ಟು ಜಾಗ ಬಿಟ್ಟು ನಿಂತಿದ್ದರು. ಯಾರದೂ ಮಾತಿಲ್ಲ. ಬಸ್ಸು ಬಂದೊಡನೆ ನನ್ನ ರಕ್ತದಲ್ಲಿದ್ದ ರೋಣ ಎದ್ದು ಕುಳಿತಿತು. ಮುಂದೆ ನುಗ್ಗಿ ಕಿಟಕಿಯ ಸೀಟಿನ ಮೇಲೆ ಟವೆಲ್ ಹಾಸಿದೆ, ಚೀಲ ತರಲು ಕೆಳಗಿಳಿದೆ. ತಿರುಗಿ ಬಂದರೆ ಟವೆಲ್ ಇಲ್ಲ. ಚಾಲಕ ಅದನ್ನು ನೀಟಾಗಿ ಮಡಚಿ, ಯಾರೋ ಮರೆತು ಹೋದ ಸಾಮಾನು ಎಂದು ಪೆಟ್ಟಿಗೆಯಲ್ಲಿ ಇಟ್ಟಿದ್ದ. ಇಡೀ ಬಸ್ಸಿನಲ್ಲಿ ನಾವು ಇದ್ದದ್ದೇ ನಾಲ್ಕೈದು ಜನ. ಟವೆಲ್ ಹಾಸಿದರೆ ಸೀಟು ನಮ್ಮದು ಎಂಬ ಕಾಯಿದೆಯನ್ನು ಅವನಿಗೆ ತಿಳಿಸಿ ಹೇಳಲು ನನ್ನ ಇಂಗ್ಲಿಷ್ ಸಾಲಲಿಲ್ಲ.

ಕೆರೆಯ ದಂಡೆಯ ಶಾಲೆ

ಕೂಟ ನಡೆದದ್ದು ಒಂದು ಶಾಲೆಯಲ್ಲಿ. ಬೇಸಿಗೆ ರಜೆ, ಮಕ್ಕಳಿಲ್ಲ. ತರಗತಿಗಳಲ್ಲೇ ಹಾಸಿಗೆ. ಶಾಲೆ ಬಿಟ್ಟು ಓಡಿದವನನ್ನು ದೇವರು ಏಳು ಸಮುದ್ರ ದಾಟಿಸಿ ಮತ್ತೆ ಶಾಲೆಯಲ್ಲಿ ತಂದು ಮಲಗಿಸಿದ. ಈ ಸಲ ಓಡುವ ಮನಸ್ಸಾಗಲಿಲ್ಲ. ವರ್ಷಗಟ್ಟಲೆ ಬರೀ ಹೆಸರಾಗಿ ಪರದೆಯ ಮೇಲೆ ಬರುತ್ತಿದ್ದವರು ಈಗ ಮೂಗು, ಕಣ್ಣು, ಹೊಟ್ಟೆ ಸಮೇತ ಎದುರಿಗೆ ಬಂದು ಕೈ ಕುಲುಕುತ್ತಿದ್ದರು. "ರಾಜೂರ! ಒತ್ತಕ್ಷರದ ರಾಜೂರ!" ಎಂದು ಒಬ್ಬ ಗಡ್ಡದವನು ಅಪ್ಪಿಕೊಂಡ. ಊರಲ್ಲಿ ನನ್ನನ್ನು ಯಾರೂ ಹಾಗೆ ಕರೆದಿಲ್ಲ.

ನನಗೆ ಬೇಕಾಗಿದ್ದವರು ಐನೋಬಾಯಿ. ಅವರ ಹೆಸರು ಐನೋ, ಬಾಯಿ ಎಂದು ಸೇರಿಸಿದ್ದು ನಾನು. ನರೆತ ಕೂದಲು, ಗಂಡಸರ ಬೂಟು, ನೋಡಿದೊಡನೆ ಹಿರಿಯರು ಎನ್ನಿಸುವ ಹೆಂಗಸು. ಡಿಸ್ಕನ್ನು ಕಡೆಯದಾಗಿ ಕಟ್ಟಿ ಹೊರಗೆ ಬಿಡುವವರು ಅವರೇ. ಮುಚ್ಚಿದ ಪೊಟ್ಟಣ ತೆಗೆಯಬೇಕು ಎಂದು ಹಟ ಹಿಡಿದವರೂ ಅವರೇ. ಅವರ ಅಡ್ಡಹೆಸರಿನ ಅರ್ಥ ಕೇಳಿದೆ. ಗುಡ್ಡ ಎಂದರು. ಅವರ ಅಜ್ಜನ ಮನೆ ಗುಡ್ಡದ ಮೇಲಿತ್ತಂತೆ. ನನ್ನದು ಊರಿನ ಹೆಸರು ಎಂದೆ. "ಹಾಗಾದರೆ ಇಬ್ಬರೂ ಮಣ್ಣಿನಿಂದ ಹೆಸರು ತಂದವರು" ಎಂದು ಮೊದಲ ಸಲ ಸ್ವಲ್ಪ ನಕ್ಕರು.

ಆ ದಿನ ಸಂಜೆ ಗಂಡಸರೆಲ್ಲ ಸೇರಿ ನನ್ನನ್ನು ಮರದ ಬಿಸಿಕೋಣೆಗೆ ಕರೆದೊಯ್ದರು. ಕಾದ ಕಲ್ಲಿಗೆ ನೀರು ಹಾಕಿ, ಬತ್ತಲೆ ಕುಳಿತು, ಬೆವರುವುದು ಅಲ್ಲಿಯ ದೊಡ್ಡ ಮರ್ಯಾದೆ. ನಾನು ಲುಂಗಿ ಬಿಡಲಿಲ್ಲ, ಅವರೂ ಕೇಳಲಿಲ್ಲ. ಹೇಗಿದೆ ಎಂದು ಕೇಳಿದರು. ಇಷ್ಟು ಕಷ್ಟಪಟ್ಟು ಕಟ್ಟಿಗೆ ಉರಿಸಬೇಕಾಗಿರಲಿಲ್ಲ, ಬೇಸಿಗೆಯ ಮಧ್ಯಾಹ್ನ ರೋಣದ ಬಸ್‌ಸ್ಟ್ಯಾಂಡಿಗೆ ಬಂದರೆ ಪುಕ್ಕಟೆ ಸಿಗುತ್ತದೆ ಎಂದೆ. ಬಹಳ ಹೊತ್ತಿನ ಮೇಲೆ, ಮೂಲೆಯಲ್ಲಿ ಕುಳಿತಿದ್ದ ಒಬ್ಬ ನಕ್ಕ. ಅಲ್ಲಿಯ ಜನಕ್ಕೆ ನಗೆ ಸ್ವಲ್ಪ ತಡವಾಗಿ ತಲುಪುತ್ತದೆ, ಆದರೆ ತಲುಪುತ್ತದೆ.

ಮಾತಿನ ದಿನ

ಮರುದಿನ ಮುಂಜಾನೆ ಸಭೆ. ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋದೆ. ಉಳಿದವರೆಲ್ಲ ಚಡ್ಡಿಯಲ್ಲಿದ್ದರು.

ನರಗುಂದದ ಹುಡುಗಿಯರ ಬಗ್ಗೆ ಹೇಳಿದೆ. ಕದ್ದ ಮಾಲು ಬಿಡಿಸಲು ನಾನು ಪಟ್ಟ ಪಾಡು ಹೇಳಿದೆ. "ಪೊಟ್ಟಣ ತೆಗೆದರೆ ಕಂಪನಿಗೆ ಏನೂ ಆಗುವುದಿಲ್ಲ. ನಮ್ಮ ಜನ ಮಾತ್ರ ಪೂರ್ತಿ ಮುಚ್ಚಿದ ಮಾಲಿಗೇ ಮರಳುತ್ತಾರೆ. ಒಂದು ಮುಚ್ಚಿದ ಚಿಟಿಕೆಯ ಸಲುವಾಗಿ ಇಡೀ ತೆರೆದ ತಾಟು ಚೆಲ್ಲುತ್ತೀರೇನು?" ಎಂದು ಕೇಳಿದೆ. ಚಪ್ಪಾಳೆ ಬಿತ್ತು. ಗಡ್ಡದವನಂತೂ ಎದ್ದು ನಿಂತು ತಟ್ಟಿದ.

ಐನೋಬಾಯಿ ಕೂತಲ್ಲಿಂದಲೇ ಕೇಳಿದರು: "ರಾಜೂರ, ನಮ್ಮ ಡಿಸ್ಕಿನ ಕನ್ನಡ ಸರಿಹೋದದ್ದು ಹೇಗೆ?"

"ತಪ್ಪು ಕಂಡಿತು, ಬಿಚ್ಚಿ ನೋಡಿದೆವು, ತಿದ್ದಿದೆವು."

"ಆ ಪೊಟ್ಟಣದಲ್ಲಿ ತಪ್ಪಿದ್ದರೆ?"

"ಈಗ ನಡೆಯುತ್ತಿದೆಯಲ್ಲ ಬಾಯಿ. ತಪ್ಪಿದ್ದರೆ ಆಮೇಲೆ ನೋಡೋಣ."

"ಯಾರು ನೋಡುತ್ತಾರೆ? ಅದು ಬಿಚ್ಚುವುದೇ ಇಲ್ಲ. ನಾವೇ ಸುಮ್ಮನೆ ಒಳಗೆ ಸೇರಿಸಿಕೊಟ್ಟರೆ ಆ ಕಂಪನಿ ಯಾಕೆ ತಾನೇ ಬಿಚ್ಚೀತು? ಬಳಸುವವರಿಗೆ ಅದು ಒಳಗಿದೆ ಎಂದು ಗೊತ್ತಾದರೂ ಆಗುತ್ತದೆಯೇ?"

ನನ್ನ ಹತ್ತಿರ ಉತ್ತರವಿತ್ತು, ಬರೀ ಇಂಗ್ಲಿಷ್ ಇರಲಿಲ್ಲ ಎಂದು ಆಗ ಅಂದುಕೊಂಡೆ. ತೀರ್ಮಾನ ಕಡೆಯ ದಿನಕ್ಕೆ ಹೋಯಿತು.

ಅಡಿಗೆಯ ದಿನ

ಅವರಲ್ಲಿ ಒಂದು ಪದ್ಧತಿಯಿದೆ. ಕೂಟದ ಒಂದೊಂದು ದಿನ ಒಂದೊಂದು ದೇಶದವರು ತಮ್ಮ ಊಟ ಮಾಡಿ ಹಾಕಬೇಕು. ನನ್ನ ಸರದಿ ಬಂದ ದಿನ ಶಾಲೆಯ ಅಡಿಗೆಮನೆಯಲ್ಲಿ ತೋಳು ಏರಿಸಿ ಬದನೆಕಾಯಿ ಎಣಗಾಯಿ ಮಾಡಿದೆ. ಶೇಂಗಾ ಹುರಿದು ಕುಟ್ಟಿ ಹಾಕಿದೆ, ಕಾಕಿಯ ಖಾರ ಧಾರಾಳ ಹಾಕಿದೆ. ಜೊತೆಗೆ ಕಟಕ ರೊಟ್ಟಿ, ಮೊಸರು. ವಾಸನೆ ಶಾಲೆಯ ಪಡಸಾಲೆಯ ತುದಿಯವರೆಗೆ ಹೋಯಿತು. ಮಾತೇ ಆಡದ ಮಂದಿ ಸಾಲು ಹಚ್ಚಿ ನಿಂತು ಮೂಗು ಎಳೆಯುತ್ತಿದ್ದರು. ಕಾಕಿ ಹೇಳಿದ ಹಾಗೆಯೇ ಆಗುತ್ತಿದೆ, ಇನ್ನು ಇವರು ಹೂಂ ಅನ್ನುವುದೊಂದೇ ಬಾಕಿ ಎಂದು ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಐನೋಬಾಯಿ ತಾಟು ಹಿಡಿದು ಬಂದರು. ನಾನೇ ಬಡಿಸಿದೆ.

"ಇದರಲ್ಲಿ ಎಳ್ಳು ಇದೆಯೇ?" ಎಂದು ಕೇಳಿದರು.

"ನಾನು ಹಾಕಿಲ್ಲ. ಶೇಂಗಾ ಇದೆ."

"ಶೇಂಗಾ ಏನೂ ಮಾಡುವುದಿಲ್ಲ. ಎಳ್ಳು ತಿಂದರೆ ನನ್ನ ಗಂಟಲು ಬಾತು ಉಸಿರು ಕಟ್ಟುತ್ತದೆ. ಒಮ್ಮೆ ಆಸ್ಪತ್ರೆಗೆ ಒಯ್ದಿದ್ದರು." ಚಮಚ ಎತ್ತಿದರು. ಬಾಯಿಯ ಹತ್ತಿರ ತಂದು ನಿಲ್ಲಿಸಿದರು. "ಆ ಕೆಂಪು ಪುಡಿಯಲ್ಲಿ?"

ಸಾಲಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಇಲ್ಲ ಎನ್ನಲು ನಾಲಿಗೆ ತುದಿಗೆ ಬಂದಿತ್ತು. ಹುಟ್ಟಿದಾಗಿನಿಂದ ತಿನ್ನುತ್ತಿರುವ ಖಾರ, ಅದರ ಬಗ್ಗೆ ಗೊತ್ತಿಲ್ಲ ಎನ್ನುವುದು ಹೇಗೆ? ಆದರೆ ಗೊತ್ತಿರಲಿಲ್ಲ.

"ಗೊತ್ತಿಲ್ಲ ಬಾಯಿ" ಎಂದೆ.

ಅವರು ಚಮಚ ಕೆಳಗಿಟ್ಟರು. ಸಿಟ್ಟು ಮಾಡಲಿಲ್ಲ. ಅದೇ ಕಷ್ಟವಾಯಿತು. ನಾನು ಕೈ ತೊಳೆದು ಸೀದಾ ಫೋನಿನ ಕಡೆ ನಡೆದೆ. ನಮ್ಮ ಅಂಗಡಿಯಲ್ಲಿ ಶಮಶಾದ ಎತ್ತಿದಳು. ಕಾಕಿಯನ್ನು ಕರೆ ಎಂದೆ. ಓಣಿ ದಾಟಿ ಕಾಕಿ ಬಂದಳು.

"ಯಾಕೋ ದಾವಲ್ಯಾ, ಖಾರ ಆಗಲೇ ತೀರಿತನ?"

"ಇಲ್ಲ ಕಾಕಿ. ನಿನ್ನ ಖಾರದಾಗ ಎಳ್ಳು ಐತೇನು?"

"ಭಾಳ ಶಾಣ್ಯಾ ಅದಿ. ಇಲ್ಲೇ ಕೇಳಿದ್ರ ಹೇಳಂಗಿಲ್ಲಂತ ಅಲ್ಲಿ ಹೋಗಿ ಕೇಳಾಕ ಹತ್ತಿಯೇನು? ಬಿಳೇ ಮಂದಿ ಖಾರದ ಫ್ಯಾಕ್ಟರಿ ಹಾಕಾವರದಾರನು?"

"ಹಂಗಲ್ಲ ಕಾಕಿ. ಇಲ್ಲೊಬ್ಬ ಹೆಣ್ಮಗಳು ಅದಾಳ. ಎಳ್ಳು ತಿಂದ್ರ ಉಸರ ಕಟ್ಟತೈತಿ. ತಾಟ ಮುಂದಿಟಗೊಂಡ ಕುಂತಾಳ."

"ಎಳ್ಳಿಗೆ ಉಸರ ಕಟ್ಟತೈತಿ? ಸಂಕ್ರಮಣದಾಗ ಏನ ಮಾಡತಾಳ ಮತ್ತ?"

"ಅವರಿಗೆ ಸಂಕ್ರಮಣ ಇಲ್ಲ ಕಾಕಿ."

"ಯವ್ವಾ, ಪಾಪ." ಪಕ್ಕದಲ್ಲಿದ್ದ ಶಮಶಾದಳಿಗೆ, "ನೀ ಹೊರಗ ಹೋಗ ಸ್ವಲ್ಪ" ಎಂದದ್ದು ಕೇಳಿಸಿತು. ಬಾಗಿಲ ಸಪ್ಪಳವಾಯಿತು. ಆಮೇಲೆ ಸಣ್ಣ ದನಿಯಲ್ಲಿ, "ಐತಿ. ಹುರದು ಹಾಕೇನಿ. ಆಕಿಗೆ ಮುಟ್ಟಬ್ಯಾಡ ಅನ್ನು. ಉಳಿದದ್ದು ಏನೂ ಕೇಳಬ್ಯಾಡ, ನಾ ಹೇಳಾಕಿ ಅಲ್ಲ."

ತಿರುಗಿ ಬಂದು ಹೇಳಿದೆ. ತಾಟು ತೆಗೆದುಕೊಂಡು ಬೇರೆ ತಾಟಿನಲ್ಲಿ ಬರೀ ಮೊಸರು, ಶಮಶಾದ ಎಳ್ಳು ಹಚ್ಚದೆ ಬಡಿದ ರೊಟ್ಟಿ ಕೊಟ್ಟೆ. ಉಳಿದವರು ಎಣಗಾಯಿಯ ಪಾತ್ರೆಯ ತಳ ಕೆರೆದು ತಿಂದರು, ಕಣ್ಣಲ್ಲಿ ನೀರು ಹಾಕುತ್ತ ಎರಡನೆಯ ಸಲ ಬಂದರು. ನಾನು ಮಾತ್ರ ಐನೋಬಾಯಿ ರೊಟ್ಟಿ ಮುರಿಯುವುದನ್ನೇ ನೋಡುತ್ತಿದ್ದೆ.

"ನಿಮ್ಮ ಕಾಕಿ ಒಳ್ಳೆಯವರು" ಎಂದರು ಅವರು. "ಕೇಳಿದರೆ ಒಂದನ್ನಾದರೂ ಹೇಳಿದರು. ಆ ಕಾರ್ಡಿನ ಕಂಪನಿಗೆ ವರ್ಷಗಳಿಂದ ಬರೆಯುತ್ತಿದ್ದೇನೆ. ಯಾರೂ ಉತ್ತರ ಕೊಟ್ಟಿಲ್ಲ."

ಕಾಡಿನ ಹಣ್ಣು

ಊಟದ ಮೇಲೆ ಐನೋಬಾಯಿ ನನಗೊಂದು ಸಣ್ಣ ಬಕೆಟ್ ಕೊಟ್ಟು ಕಾಡಿಗೆ ಕರೆದುಕೊಂಡು ಹೋದರು. ಮೊಣಕಾಲೆತ್ತರದ ಗಿಡಗಳ ತುಂಬ ಕಡುನೀಲಿ ಹಣ್ಣು, ನಮ್ಮ ಕವಳಿಹಣ್ಣಿನಷ್ಟು. ಕಿತ್ತಷ್ಟೂ ಇವೆ.

"ಯಾರ ಕಾಡು ಇದು?" ಎಂದೆ.

"ಯಾರದೋ. ನನಗೆ ಗೊತ್ತಿಲ್ಲ."

ನಾನು ಕೈ ಹಿಂದೆ ತೆಗೆದುಕೊಂಡೆ. ಅವರು ಕೀಳುತ್ತಲೇ ಹೇಳಿದರು: ಕಾಡು ಒಡೆಯನದು, ಹಣ್ಣು ಹಾದಿಹೋಕರದು. ಮರ ಕಡಿಯುವಂತಿಲ್ಲ, ಅಂಗಳಕ್ಕೆ ಹೋಗುವಂತಿಲ್ಲ. ಹಣ್ಣು ಮಾತ್ರ ಯಾರಾದರೂ ಕೀಳಬಹುದು, ಹಿಂದಿನಿಂದಲೂ ಹಾಗೆಯೇ.

ನಮ್ಮಲ್ಲೂ ಇದೆ ಎಂದೆ. ಚಳಿಗಾಲದಲ್ಲಿ ರಾಜೂರಿಂದ ಗಜೇಂದ್ರಗಡಕ್ಕೆ ನಡೆದು ಬರುವಾಗ ಯಾರ ಹೊಲದ ಕಡಲೆಗಿಡವಾದರೂ ಸರಿ, ಒಂದು ಹಿಡಿ ಕಿತ್ತು ಹಸಿ ಸುಲಗಾಯಿ ಸುಲಿದು ತಿನ್ನುತ್ತ ಬರಬಹುದು. ಹೊಲದವನು ನೋಡಿದರೂ ಏನೂ ಅನ್ನುವುದಿಲ್ಲ.

"ಗಂಟು ಕಟ್ಟಿಕೊಂಡು ಹೋದರೆ?"

"ಆಗ ಬೈತಾನೆ. ನಮ್ಮಪ್ಪನ ಹೆಸರನ್ನೂ ಸೇರಿಸಿ ಬೈತಾನೆ."

ಅವರು ಜೋರಾಗಿ ನಕ್ಕರು, ತಡವಿಲ್ಲದೆ. ಇಬ್ಬರ ಬಾಯಿಯೂ ನೀಲಿಯಾಗಿತ್ತು. ಶಾಲೆಯ ಹಾದಿಯಲ್ಲಿ ನನಗೆ ಹೊಳೆಯಿತು: ನಾನು ಹೇಳಬೇಕಾಗಿದ್ದ ಉತ್ತರ ಆ ಸಭೆಯ ದಿನದಿಂದ ಇಂಗ್ಲಿಷಿಗಾಗಿ ಕಾಯುತ್ತಿರಲಿಲ್ಲ. ಅದು ಇನ್ನೂ ಹುಟ್ಟಿಯೇ ಇರಲಿಲ್ಲ.

ಕಡೆಯ ದಿನ

ತೀರ್ಮಾನದ ಸಭೆಯಲ್ಲಿ ನಾನು ಮೊದಲು ಎದ್ದೆ. ಈ ಸಲ ಕೈಯಲ್ಲಿ ಬರೆದದ್ದು ಏನೂ ಇರಲಿಲ್ಲ.

"ಖಾರ ಬಿಟ್ಟು ಊಟ ಮಾಡಿರಿ ಎಂದರೆ ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಆದರೆ ಹೇಳದೆ ಕೇಳದೆ ಎಲ್ಲರ ತಾಟಿಗೂ ಹಾಕುವುದು ತಪ್ಪು. ಅದನ್ನು ನಾನೇ ನಿಮ್ಮ ಕಣ್ಣೆದುರಿಗೆ ಮಾಡಿದೆ. ದೊಡ್ಡ ಡಿಸ್ಕು ಸ್ವಚ್ಛ ಇರಲಿ. ಮುಚ್ಚಿದ ಪೊಟ್ಟಣಗಳನ್ನು ಪಕ್ಕದಲ್ಲಿ ಬೇರೆ ಬಟ್ಟಲಿನಲ್ಲಿ ಇಡೋಣ, ಇನ್ನೊಂದು ಸಣ್ಣ ಡಿಸ್ಕಿನಲ್ಲಿ. ಹಾಕುವ ಮುಂಚೆ ಯಂತ್ರ ಕೇಳಲಿ: ಇದರಲ್ಲಿ ಏನಿದೆ ನಮಗೆ ಗೊತ್ತಿಲ್ಲ, ಹಾಕಲೇ ಅಂತ. ನರಗುಂದದವರು ಹೂಂ ಅನ್ನುತ್ತಾರೆ. ಐನೋಬಾಯಿ ಬೇಡ ಅನ್ನುತ್ತಾರೆ. ಇಬ್ಬರದೂ ಊಟ ಆಗುತ್ತದೆ."

ಗಡ್ಡದವನಿಗೆ ಇದು ಸೇರಲಿಲ್ಲ. ಎರಡು ಡಿಸ್ಕು ಎಂದರೆ ಹೊಸಬರು ಗೊಂದಲ ಮಾಡಿಕೊಳ್ಳುತ್ತಾರೆ ಎಂದು ಬಹಳ ಹೊತ್ತು ವಾದಿಸಿದ. ಅವನು ಹೇಳಿದ್ದರಲ್ಲಿಯೂ ಸತ್ಯವಿತ್ತು. ಇನ್ನೊಬ್ಬರಿಗೆ ಪಕ್ಕದ ಬಟ್ಟಲೂ ಬೇಡವಾಗಿತ್ತು. ಕಡೆಗೆ ಐನೋಬಾಯಿ ನನ್ನನ್ನು ನೋಡಿದರು.

"ನಮ್ಮಲ್ಲಿ ಹೇಳಿದವರೇ ಮಾಡಬೇಕು. ಎರಡನೆಯ ಡಿಸ್ಕನ್ನು ಯಾರು ಪರೀಕ್ಷೆ ಮಾಡುತ್ತಾರೆ? ಆ ಪ್ರಶ್ನೆಯನ್ನು ಯಾರು ಬರೆಯುತ್ತಾರೆ?"

"ನಾನು" ಎಂದೆ. ಕೆಲಸಕ್ಕೆ ನಾನು ಹಿಂದೆ ಸರಿದದ್ದು ಇಲ್ಲ.

ಕೈ ಎತ್ತಿಸಿದರು. ಹೆಚ್ಚು ಕೈ ನನ್ನ ಕಡೆ ಎದ್ದವು. ಅವುಗಳಲ್ಲಿ ಐನೋಬಾಯಿಯ ಕೈಯೂ ಒಂದು, ಬೆರಳ ತುದಿಗೆ ಇನ್ನೂ ನೀಲಿ ಬಣ್ಣ. ಅಲ್ಲಿಯೇ ಕುಳಿತು ಕನ್ನಡದಲ್ಲಿ ಬರೆದೆ: "ನಿಮ್ಮ ನೆಟ್ ಕಾರ್ಡು ನಡೆಯಲು ಒಂದು ಮುಚ್ಚಿದ ಭಾಗ ಬೇಕು. ಅದರೊಳಗೆ ಏನಿದೆ ಎಂದು ನಮಗೆ ಗೊತ್ತಿಲ್ಲ. ಹಾಕಲೇ?" ಅರ್ಥ ಕೇಳಿದ ಐನೋಬಾಯಿ ತಾವು ಬರೆಯುತ್ತಿದ್ದ ಇಂಗ್ಲಿಷಿನ ಉದ್ದನೆಯ ಕರಡನ್ನು ಹೊಡೆದು ಹಾಕಿ, ಇಂಗ್ಲಿಷಿಗೂ ಇಷ್ಟೇ ಸಾಕು ಎಂದರು. ಈ ಮಾತನ್ನು ನಾನು ಬಸ್ಸಿನಲ್ಲಿ, ವಿಮಾನದಲ್ಲಿ, ಹುಬ್ಬಳ್ಳಿಯಿಂದ ಗಜೇಂದ್ರಗಡದವರೆಗೆ ನೆನೆನೆನೆದು ನಗುತ್ತ ಬಂದೆ.

ಮರಳಿ ಊರು

ಹೊಸ ಡಿಸ್ಕುಗಳು ಬಂದ ದಿನ ಎರಡನ್ನೂ ತೆಗೆದುಕೊಂಡು ನರಗುಂದಕ್ಕೆ ಹೋದೆ. ಶರಣಪ್ಪನ ಯಂತ್ರದ ಪರದೆಯ ಮೇಲೆ ನನ್ನ ಪ್ರಶ್ನೆ ಬಂತು, ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ. ಅವನು ಗಟ್ಟಿಯಾಗಿ ಓದಿದ.

"ಏನಿದೆ ಅಂತ ನಮಗ ಗೊತ್ತಿಲ್ಲ? ಲೇ ದಾವಲ್, ಗಿರಾಕಿ ಮುಂದ ಯಾವನರ ಹಿಂಗ ಬರೀತಾನೇನು? ಎಲ್ಲಾ ಗೊತ್ತೈತಿ ಅಂತ ಬರೀಬೇಕಪಾ."

"ಗೊತ್ತಿಲ್ಲಲಾ, ಮತ್ತ?"

ಅವನು ನನ್ನ ಮುಖ ನೋಡಿದ, ಪರದೆ ನೋಡಿದ. "ಹಾಕು" ಒತ್ತಿದ. ಕಾರ್ಡಿನ ಹಸಿರು ದೀಪ ಹತ್ತಿತು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೇಳಿದಳು: "ಸರ್, ಬ್ಯಾಡ ಅಂತ ಒತ್ತಿದ್ರ ಏನಾಗತೈತ್ರಿ?" ಆವರೆಗೆ ನಮ್ಮಲ್ಲಿ ಯಾರೂ ಅಂಥ ಪ್ರಶ್ನೆ ಕೇಳಿರಲಿಲ್ಲ. ಶರಣಪ್ಪ ಕುರ್ಚಿ ಎಳೆದುಕೊಂಡು, ಪಾಠ ಬಿಟ್ಟು, ಅದನ್ನೇ ಹೇಳುತ್ತ ಕುಳಿತ.

ಸಂಜೆ ಅಂಗಡಿಗೆ ಬಂದರೆ ಈರವ್ವ ಕಾಕಿ ಕಟ್ಟೆಯ ಮೇಲೆ ಕಾಯುತ್ತಿದ್ದಳು. ನಾನು ಫಿನ್‌ಲೆಂಡಿನಿಂದ ಬಂದಾಗಿನಿಂದ ಅವಳದು ಒಂದೇ ಮಾತು, "ಆಕಿ ಆರಾಮ ಅದಾಳನ?" ಆರಾಮ ಎಂದು ಎಷ್ಟು ಸಲ ಹೇಳಿದರೂ ಸಮಾಧಾನವಿಲ್ಲ.

ಆ ದಿನ ಬೇರೆ ಮಾತು ತಂದಿದ್ದಳು. ಖಾಲಿ ಪೊಟ್ಟಣಗಳ ಒಂದು ಕಟ್ಟನ್ನು ನನ್ನ ಮುಂದೆ ಇಟ್ಟಳು.

"ಇವುಗಳ ಮ್ಯಾಲ ಏನರ ಅಚ್ಚು ಹಾಕಿ ಕೊಡು."

"ಏನಂತ ಕಾಕಿ? ಹೆಸರು ಹಾಕಲೇನು? ಈರವ್ವನ ಮಸಾಲಿ ಖಾರ ಅಂತ?"

"ನನ್ನ ಹೆಸರ ಗೊತ್ತಿಲ್ಲದಾವರು ಯಾರದಾರ? ಎಳ್ಳು ಐತಿ ಅಂತ ಹಾಕು. ದಪ್ಪಗ ಹಾಕು, ನನಗೂ ಕಾಣಬೇಕು."

"ಮತ್ತ ಉಳಿದದ್ದು?"

ಅವಳು ಸೆರಗು ಹೊದ್ದು ಎದ್ದಳು. "ಅದನ್ನ ಕೇಳಾಕ ಇನ್ನೊಮ್ಮೆ ವಿಮಾನ ಹತ್ತು" ಎಂದು ಓಣಿ ದಾಟಿ, ಮನೆಯೊಳಗೆ ಹೋಗಿ, ಅಗಳಿ ಹಾಕಿಕೊಂಡಳು.